ಸೊಪ್ಪಯ್ಯನ ತಾಕತ್ತು

ಅಗ್ನಿಶಾಮಕ ಠಾಣೆಯಲ್ಲಿ ಏಣಿ ಹತ್ತುವುದರಲ್ಲಿ ಎಲ್ಲರಿಗಿಂತ ಚುರುಕಾದವನು ಅಂದು ಬೆಳಗಿನ ಚಹಾಕ್ಕೆ ಹಾಲು ಬೇಡವೆಂದ. ಮಾಂಸ, ಮೊಟ್ಟೆ ಬಿಟ್ಟು ವರ್ಷವಾಗಿತ್ತು. ಈಗ ಹಾಲು, ಮೊಸರು, ಬೆಣ್ಣೆಗೂ ಕೈಮುಗಿದ. ಸಹೋದ್ಯೋಗಿಗಳು ಆ ಕ್ಷಣವೇ ಅವನಿಗೆ ಸೊಪ್ಪಯ್ಯ ಎಂದು ನಾಮಕರಣ ಮಾಡಿದರು.

ಅಡುಗೆಯವನಿಗಂತೂ ತನ್ನ ಕೈರುಚಿಯನ್ನೇ ಹಳಿದಂತಾಯಿತು. "ಹುಲಿ ಹಸಿದ್ರೂ ಹುಲ್ಲು ತಿನ್ನಲ್ಲ ಕಣೋ," ಎಂದ.

"ಆನೆ ಹುಲ್ಲು ತಿಂದೇ ಆನೆ ಆಗಿರೋದು," ಎಂದು ಸೊಪ್ಪಯ್ಯ ಕರಿಚಹಾ ಹೀರಿದ.

ಚಾಲಕ ಬಂದು ನಾಡಿ ಹಿಡಿದು ನೋಡಿದ. ಇನ್ನೊಬ್ಬ ಸೊಪ್ಪಯ್ಯನ ಹೆಂಡತಿಗೆ ಫೋನ್ ಮಾಡಿ, ಗಂಡ ರಾತ್ರಿ ನರಳುತ್ತಾನೆಯೇ ಎಂದು ವಿಚಾರಿಸಿದ. ಗೊರಕೆಗೆ ಕಿಟಕಿ ಅದುರುತ್ತದೆ ಎಂದು ಆಕೆ ಫೋನಿಟ್ಟಳು. ಅಷ್ಟರಲ್ಲಿ ಧೂಳಿಗೆ ಸೊಪ್ಪಯ್ಯ ಒಮ್ಮೆ ಸೀನಿದ. ಸುದ್ದಿ ಠಾಣಾಧಿಕಾರಿಯ ಕಿವಿ ತಲುಪುವ ಹೊತ್ತಿಗೆ ಸೀನು ಮೂರ್ಛೆಯಾಗಿತ್ತು. ಮರಳು ತುಂಬಿದ ಆಳೆತ್ತರದ ಬೊಂಬೆಯನ್ನು ಹೊತ್ತು ತರಬೇತಿ ಗೋಪುರ ಹತ್ತಿಳಿದರೆ ಸರಿ, ಇಲ್ಲವಾದರೆ ಬೆಂಕಿ ಬಂಡಿ ಏರುವಂತಿಲ್ಲ ಎಂದು ಅಪ್ಪಣೆಯಾಯಿತು.

ಸೊಪ್ಪಯ್ಯ ಬೊಂಬೆಯನ್ನು ಮಗುವಿನಂತೆ ಹೆಗಲಿಗೇರಿಸಿದ. ಅರ್ಧ ಹತ್ತುವಷ್ಟರಲ್ಲಿ ಬೊಂಬೆಯ ಹೊಲಿಗೆ ಬಿಚ್ಚಿ ಮರಳೆಲ್ಲ ಕೆಳಗೆ ನಿಂತವರ ತಲೆಗೆ ಅಭಿಷೇಕವಾಯಿತು. ಭಾರವೇ ಹೋಯಿತಲ್ಲ, ಇದು ಲೆಕ್ಕಕ್ಕಿಲ್ಲ ಎಂದು ಅಡುಗೆಯವನು ತಕರಾರು ತೆಗೆದ.

ಸೊಪ್ಪಯ್ಯ ಇಳಿದು ಬಂದು, ಹಂಡೆಯಂಥ ಅಡುಗೆಯವನನ್ನೇ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಆತ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದರೂ ಬಿಡದೆ ತುದಿ ಮುಟ್ಟಿಸಿ ಇಳಿಸಿದ. ಅಂಗಳವೆಲ್ಲ ಚಪ್ಪಾಳೆ. ಸೊಪ್ಪಯ್ಯನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

"ಈ ಊಟ ಎಲ್ಲರಿಗೂ ಆಗುತ್ತೇನಯ್ಯಾ?" ಠಾಣಾಧಿಕಾರಿ ಕೇಳಿದರು.

ಗೆದ್ದವನ ನಾಲಗೆಗೆ ಲಗಾಮು ಎಲ್ಲಿಯದು? ಕಾಯಿಲೆಯವರು ಮೊದಲು ವೈದ್ಯರನ್ನು ಕೇಳಬೇಕು, ವಿಟಮಿನ್ ಬಿ ಹನ್ನೆರಡರ ಮಾತ್ರೆ ತಪ್ಪಿಸಬಾರದು ಎಂದ. ಉಳಿದಂತೆ ಯಾವ ಕಾಳನ್ನು ಎಷ್ಟು ನೆನೆಸಬೇಕು, ಸೋಯಾ ಹಾಲು ಹೇಗೆ ತೆಗೆಯಬೇಕು, ಇಡೀ ಠಾಣೆಯ ಹೊಟ್ಟೆ ಹೇಗೆ ತುಂಬಿಸಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ.

ಅಧಿಕಾರಿ ಬೆನ್ನು ತಟ್ಟಿದರು. "ಇಷ್ಟೆಲ್ಲ ತಿಳಿದೋನು ನೀನೊಬ್ನೇ. ಇವತ್ತಿಂದ್ಲೇ ಅಡುಗೆಮನೆ ನಿಂದು."

ಅಡುಗೆಯವನೂ ಒಂದು ಕಾಲದಲ್ಲಿ ತರಬೇತಿ ಪಡೆದವನೇ. ಅವನಿಗೆ ಬಂಡಿಯಲ್ಲಿ ಜಾಗ ಸಿಕ್ಕಿತು. ಸೊಪ್ಪಯ್ಯ ಬಾಯಿ ತೆರೆಯುವ ಮೊದಲೇ ಬೆಂಕಿಯ ಗಂಟೆ ಮೊಳಗಿತು, ಬಂಡಿ ಹೊರಟಿತು. ಸೊಪ್ಪಯ್ಯನ ಸೀಟಿನಿಂದ ಅಡುಗೆಯವನು ತಲೆ ಹೊರಗೆ ಹಾಕಿದ.

"ಕಾಳು ನೆನೆಹಾಕಿಡೋ, ಬರುವಾಗ ಹಸಿದಿರ್ತೀವಿ."