ಎದುರಿನವನಿಗೆ ಐದು ಹೆಸರು

ಸೋಲನ್ನು ಒಪ್ಪಿಕೊಂಡು ನನಗೆ ಅಭ್ಯಾಸವಿಲ್ಲ. ನಾಶಿಕದ ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಕಪ್ ಹೊಡೆದವಳು ನಾನು. ಹಾಲು ಒಡೆದಿದೆ ಎಂದರೂ ಪುರಾವೆ ಕೇಳುತ್ತೇನೆ. ಇಂಥ ಸಂಶಯಪಿಶಾಚಿಯಾದ ನಾನೂ ಒಂದು ಮಾತನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಿದ್ದೆ: ಇಂಗ್ಲಿಷಿನಲ್ಲಿ ಒಂದೇ ಪದವನ್ನು ಎರಡು ಸಲ ಬರೆದರೆ ಅದು ಶಬ್ದದಾರಿದ್ರ್ಯ. ನಮಗೆ ತರಬೇತಿ ಕೊಟ್ಟ ಮೇಡಂ ಹೇಳಿದ್ದು. ಅವರು ಇದನ್ನು, ಇದೇ ಪದಗಳಲ್ಲಿ, ಪ್ರತಿ ಕ್ಲಾಸಿನಲ್ಲೂ ಹೇಳುತ್ತಿದ್ದರು ಎಂಬುದು ಆಗ ಹೊಳೆಯಲಿಲ್ಲ.

ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ನಮ್ಮಪ್ಪನದು ಒಂದು ಉಡುಪಿ ಹೋಟೆಲು. ರಸ್ತೆಯಾಚೆ ಸದಾನಂದ ಮಾವನದು ಇನ್ನೊಂದು. ಮಾವ ಅಂದರೆ ಸಂಬಂಧವೇನಲ್ಲ, ಹುಟ್ಟೂರು ಒಂದೇ. ವ್ಯಾಪಾರದ ಹೊತ್ತಿನಲ್ಲಿ ಇಬ್ಬರೂ ಮುಖ ಎತ್ತಿ ನೋಡುವುದಿಲ್ಲ. ಆದರೆ ನಮ್ಮ ಗ್ರೈಂಡರ್ ಕೆಟ್ಟರೆ ಆಚೆಯಿಂದ ಇಡ್ಲಿ ಹಿಟ್ಟಿನ ಬಕೆಟ್ ಬರುತ್ತದೆ. ಅವರ ದೋಸೆ ಭಟ್ಟರು ಊರಿಗೆ ಹೋದರೆ ಈಚೆಯಿಂದ ನಮ್ಮವರು ಹೋಗುತ್ತಾರೆ. ಅಪ್ಪನ ಬಾಯಲ್ಲಿ ಮಾವನಿಗೆ ಹೆಸರಿಲ್ಲ, ಬರೀ ‘ಎದುರಿನವ’.

ವಾಳೂಜಿನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ತಿಂಡಿ ಕೊಡುವ ಕೆಲಸ ಹೆಚ್ಚುಕಡಿಮೆ ಅಪ್ಪನಿಗೇ ಎಂದಾಗಿತ್ತು. ಬೇರೆಯವರಿಗಿಂತ ನೀವು ಹೇಗೆ ಮೇಲು ಅಂತ ಇಂಗ್ಲಿಷಿನಲ್ಲಿ ಒಂದು ಪತ್ರ ಕೊಡಿ, ಫೈಲಿಗೆ ಬೇಕು ಎಂದರು ಕ್ಯಾಂಟೀನಿನ ಸಾಹೇಬರು. ಅಪ್ಪ ಹೇಳಿ ಬರೆಸಿದರು: “ಎದುರಿನವನ ವಡೆ ಒಂಬತ್ತಕ್ಕೇ ಖಾಲಿ. ಎದುರಿನವ ಸಾಂಬಾರಿಗೆ ಬೆಲ್ಲ ಸುರೀತಾನೆ. ಎದುರಿನವನ ಚಟ್ನಿ ನೀರು ನೀರು...” ಐದು ವಾಕ್ಯ, ಐದು ಎದುರಿನವ! ನನ್ನ ಮಾನ ಏನಾಗಬೇಕು? ವಡೆಗೆ ಕಾಂಪಿಟೇಟರ್ ಎಂದೆ, ಸಾಂಬಾರಿಗೆ ರೈವಲ್, ಚಟ್ನಿಗೆ ಆಪೋನೆಂಟ್, ಕಾಫಿಗೆ ಚಾಲೆಂಜರ್. ಉಪ್ಪಿಟ್ಟಿನ ಹತ್ತಿರ ಬಂದಾಗ ಅಡ್ವರ್ಸರಿ ಹಾಕಿ, ಇಡೀ ಪತ್ರವನ್ನು ಗಟ್ಟಿಯಾಗಿ ಓದಿ, ನಾನೇ ಮೆಚ್ಚಿಕೊಂಡೆ.

ನಾಲ್ಕನೇ ದಿನ ಸಾಹೇಬರು ಪತ್ರ ಹಿಡಿದು ಹೋಟೆಲಿಗೇ ಬಂದರು. “ಕಾಯ್ ಅಣ್ಣಾ,” ಎಂದು ಮರಾಠಿಯಲ್ಲಿ ಶುರು ಮಾಡಿದರು, “ಈ ರಸ್ತೆಯಲ್ಲಿ ಇನ್ನೂ ಐದು ಹೋಟೆಲ್ ಇದೆ ಅಂತ ಗೊತ್ತೇ ಇರಲಿಲ್ಲ. ಒಬ್ಬರ ವಡೆ ಸರಿಯಿಲ್ಲ, ಒಬ್ಬರ ಸಾಂಬಾರ್ ಸರಿಯಿಲ್ಲ. ಅಂದರೆ ಬಾಕಿದ್ದೆಲ್ಲ ಚೆನ್ನಾಗಿದೆ ಅಂತ ತಾನೇ? ಐವರೂ ಅರ್ಜಿ ಹಾಕಲಿ, ನೋಡೋಣ.”

ಅಪ್ಪ ನನ್ನನ್ನು ನೋಡಿದರು. ಆಮೇಲೆ ರಸ್ತೆಯಾಚೆ ಬೆರಳು ತೋರಿಸಿದರು. ಐವರೂ ಅಲ್ಲಿ ಒಬ್ಬರೇ ನಿಂತು ಟೇಬಲ್ ಒರೆಸುತ್ತಿದ್ದರು.

ಮರುದಿನ ಮಾವ ಸಾಹೇಬರು ಕೊಟ್ಟ ಅರ್ಜಿ ಫಾರ್ಮು ಹಿಡಿದು ಬಂದರು. “ನಂಗೂ ಒಂದು ಪತ್ರ ಬರೆದು ಕೊಡು ಮಗಾ. ಈ ರಸ್ತೆಯಲ್ಲಿ ಇಂಗ್ಲಿಷ್ ಬರುವವಳು ನೀನೊಬ್ಬಳೇ ಅಲ್ವಾ?” ನಾನು ಅಪ್ಪನ ಕಡೆ ತಿರುಗಿದೆ. ಆ ವಾರ ನಮ್ಮ ಗ್ರೈಂಡರ್ ಕೆಟ್ಟಿತ್ತು. “ಕೊಡು,” ಎಂದರು ಅಪ್ಪ, “ಒಳಗೆ ಬೇಯ್ತಾ ಇರೋದು ಅವನದ್ದೇ ಹಿಟ್ಟು.”

“ಎದುರಿನ ಹೋಟೆಲಿನ ಬಗ್ಗೆ ಏನಂತ ಬರೀಲಿ ಮಾವ?”

“ನಿಮ್ಮಪ್ಪನ ಬಗ್ಗೆ ಎಂತ ಬರೀಲಿಕ್ಕುಂಟು ಮಾರಾಯ್ತಿ? ನಮ್ಮ ಇಡ್ಲಿ ಮೆತ್ತಗುಂಟು ಅಂತ ಬರಿ. ಇಡ್ಲಿ ಬಿಸಿ ಉಂಟು ಅಂತ ಬರಿ. ಇಡ್ಲಿ ಹೊತ್ತಿಗೆ ಸರಿಯಾಗಿ ಬರ್ತದೆ ಅಂತ ಬರಿ. ಸಾಕು.”

ಮೂರು ವಾಕ್ಯ, ಮೂರು ಇಡ್ಲಿ. ಹಲ್ಲು ಕಚ್ಚಿಕೊಂಡು ಹಾಗೇ ಬರೆದೆ. ಕೆಲಸ ಮಾವನಿಗಾಯಿತು.

ಅಪ್ಪ ಬಯ್ಯಲಿಲ್ಲ, ಅದೇ ಕಷ್ಟ. ಬೈದಿದ್ದರೆ ವಾದ ಮಾಡಿ ಗೆಲ್ಲುತ್ತಿದ್ದೆ. ಮಾವನ ಪತ್ರದ ನಕಲನ್ನು ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ನಿಧಾನಕ್ಕೆ ಓದಿ, ಮಡಿಚಿ, ನನ್ನ ಕೈಗೆ ಕೊಟ್ಟರು. “ಇದು ನಂಗೂ ಅರ್ಥ ಆಯ್ತು ಮಗಾ,” ಎಂದರು.

ಅದಕ್ಕೊಂದು ಮರುಮಾತು ಹುಡುಕುತ್ತಾ ಎರಡು ತಿಂಗಳಾಯಿತು. ಸಿಕ್ಕಿಲ್ಲ. ಸಿಕ್ಕಿದರೂ ಕನ್ನಡದಲ್ಲೇ ಹೇಳಬೇಕು, ಅದೂ ಅಪ್ಪನ ಮುಖ ನೋಡಿಕೊಂಡು.