ಸ್ಟ್ಯಾಂಡ್ ಎತ್ತಿದ ವಿಮಾನ

ನಮ್ಮ ಕಡೆ ಜನಕ್ಕೆ ಇನ್ನೊಬ್ಬರ ಬೈಕಿನ ಸೈಡ್ ಸ್ಟ್ಯಾಂಡಿನ ಮೇಲಿರುವಷ್ಟು ಕಾಳಜಿ ಬೇರೆ ಯಾವುದರ ಮೇಲೂ ಇದ್ದಂತಿಲ್ಲ. ಶರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ನಾನು ಬಂಗಾರಪೇಟೆ ಪೂರ್ತಿ ತಿರುಗಿದ್ದೇನೆ, ಒಬ್ಬರೂ ಉಸಿರೆತ್ತಲಿಲ್ಲ. ಸ್ಟ್ಯಾಂಡ್ ಎತ್ತದೆ ಹೊರಟರೆ ಮಾತ್ರ ಟೀ ಅಂಗಡಿಯಿಂದ "ಸಾರ್, ಸ್ಟ್ಯಾಂಡ್" ಅನ್ನುತ್ತಾರೆ, ಎದುರಿಗೆ ಬರುವ ಆಟೋದವನು "ಅನ್ನಾ, ಸ್ಟ್ಯಾಂಡ್ ತೀಯಿ" ಅಂತ ತೆಲುಗಿನಲ್ಲಿ ಕೂಗುತ್ತಾನೆ, ಚಿನ್ನದ ಗಣಿ ಕಡೆಯ ಕೋರಮಂಡಲ್‌ನಲ್ಲಿರುವ ನಮ್ಮ ಮನೆ ಸೇರುವಷ್ಟರಲ್ಲಿ ಅದೇ ಮಾತು ತಮಿಳಿನಲ್ಲೂ ಕಿವಿಗೆ ಬಿದ್ದಿರುತ್ತದೆ. ಹೆಲ್ಮೆಟ್ಟಿನೊಳಗೆ ಕೇಳಿಸದಿದ್ದೀತು ಎಂದು ಕೆಲವರು ಕಾಲು ಝಾಡಿಸಿ ತೋರಿಸುವುದೂ ಉಂಟು. ಮೂರು ಭಾಷೆಯೂ ಬಲ್ಲ ನಾನು ಮೂರರಲ್ಲೂ ಕೇಳಿಸಿಕೊಂಡು, ಮಾರನೆಯ ದಿನ ಮತ್ತೆ ಮರೆಯುತ್ತೇನೆ.

ನನ್ನ ಕಸುಬು ಜೀವವಿಮೆಯ ಏಜೆಂಟಿಕೆ. ಯಾವಾಗ ಏನಾಗುತ್ತದೋ ಹೇಳಲಾಗದು ಎಂದು ದಿನವಿಡೀ ಊರವರನ್ನು ಹೆದರಿಸುವವನು ನಾನು. ಅಂಥವನು ಒಂದು ತಿರುವಿನಲ್ಲಿ ಸ್ಟ್ಯಾಂಡ್ ನೆಲಕ್ಕೆ ತಗುಲಿಸಿ, ಹಿಂದೆ ಕೂತಿದ್ದ ಹೆಂಡತಿ ವೆಂಕಟಲಕ್ಷ್ಮಿಯ ಸಮೇತ, ಯಾರೋ ರಸ್ತೆಗೆ ಹರಡಿದ್ದ ಹುರುಳಿಯ ಮೇಲೆ ಬಿದ್ದೆ. ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಅವಳು ಅವತ್ತೇ ಬಸ್ಸು ಹಿಡಿದವಳು ಮತ್ತೆ ನನ್ನ ಬೈಕು ಹತ್ತಲಿಲ್ಲ. ಸುದ್ದಿ ಹಬ್ಬಿತು. ಕಾಮಸಮುದ್ರದ ಗಿರಾಕಿಯೊಬ್ಬ ಪಾಲಿಸಿಗೆ ಸಹಿ ಹಾಕಲು ಹೋದವನು ಪೆನ್ನು ಕೆಳಗಿಟ್ಟು, "ನಿಮ್ಮನೆಯವ್ರೇ ನಿಮ್ಮನ್ನ ನಂಬಿ ಹಿಂದೆ ಕೂರಲ್ಲ, ನಾನೆಂಗೆ ಸಾರ್ ನಂಬ್ಲಿ?" ಅಂದುಬಿಟ್ಟ. ಕಸುಬಿನ ಮಾತು ಹಾಗಿರಲಿ, ಸತ್ಯ ಹೇಳಬೇಕೆಂದರೆ ಅವಳಿಲ್ಲದೆ ನನ್ನ ಬೆನ್ನು ಬಣಗುಡುತ್ತಿತ್ತು. ಗಾಡಿ ಓಡಿಸುವಾಗ ಬೈಸಿಕೊಂಡು ಅಭ್ಯಾಸವಾದವನಿಗೆ ಆ ನಿಶ್ಶಬ್ದ ತಡೆಯಲಾಗುತ್ತಿರಲಿಲ್ಲ.

ಗೋಗರೆದೂ ಗೋಗರೆದೂ ಕೊನೆಗೊಂದು ಭಾನುವಾರ ಒಪ್ಪಿದಳು. "ಬೂದಿಕೋಟೇಲಿ ನಮ್ಮಮ್ಮನ ಮನೆವರ್ಗೂ ಬತ್ತೀನಿ. ದಾರೀಲಿ ಒಬ್ರಾದ್ರೂ ಸ್ಟ್ಯಾಂಡ್ ಅಂದ್ರೋ, ಅಲ್ಲೇ ಇಳ್ದು ಬಸ್ಸಿಗೆ ಓಯ್ತೀನಿ. ಆಮೇಲೆ ನನ್ನ ಕರೀಲೇ ಬೇಡಿ," ಅಂದಳು. ಹೊರಡುವ ಮುಂಚೆ ಸ್ಟ್ಯಾಂಡ್ ಎತ್ತಿದೆ, ಬಗ್ಗಿ ನೋಡಿದೆ, ಕೈಯಿಂದ ಮುಟ್ಟಿಯೂ ನೋಡಿದೆ. ದಾರಿಯಲ್ಲಿ ಅದನ್ನು ಇಳಿಸಲೇಬಾರದು, ಇಳಿಸಿದರೆ ತಾನೇ ಎತ್ತಲು ಮರೆಯುವುದು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಹಳೆಯ ಏರ್‌ಸ್ಟ್ರಿಪ್ಪಿನ ಬೇಲಿಯ ಹತ್ತಿರ ಜನ ನಿಂತಿದ್ದರು. ಯಾರೋ ದೊಡ್ಡವರ ಸ್ವಂತದ ಪುಟ್ಟ ವಿಮಾನ ಇಳಿಯುವುದರಲ್ಲಿತ್ತು. ನಾನೂ ನಿಲ್ಲಿಸಿ, ಇಳಿಯದೆ ಕಾಲೂರಿಕೊಂಡೇ ಕೂತೆ. ವಿಮಾನ ಹತ್ತಿರ ಬಂತು. ನನ್ನ ಕಣ್ಣು ತಾನಾಗಿ ಅದರ ಹೊಟ್ಟೆಯ ಕೆಳಗೆ ಹೋಯಿತು. ಏನೂ ನೇತಾಡುತ್ತಿರಲಿಲ್ಲ. "ನೋಡಿದ್ಯಾ? ಎಷ್ಟು ನೀಟಾಗಿ ಎತ್ಕೊಂಡು ಬತ್ತಾವ್ರೆ," ಅಂದೆ. ಪಕ್ಕದಲ್ಲಿ ಹಸು ಹಿಡಿದು ನಿಂತಿದ್ದ ಯಜಮಾನರು, "ಊಂ, ಜಾಣ," ಎಂದು ತಲೆದೂಗಿದರು. ಮೂರು ಭಾಷೆಯ ಅಷ್ಟು ಜನರಲ್ಲಿ ಒಬ್ಬರೂ ಕೂಗಲಿಲ್ಲ. ಕೂಗುವಂಥದ್ದು ಅಲ್ಲೇನೂ ಕಾಣಲೇ ಇಲ್ಲವಲ್ಲ.

ಬೇಲಿಯ ಒಳಗಿದ್ದ ವಾಚ್‌ಮನ್ ಮಾತ್ರ "ಅಯ್ಯಯ್ಯೋ, ಚಕ್ರಂ ಎಂಗಪ್ಪಾ?" ಅನ್ನುತ್ತಾ ಓಡಿದ. ಚಕ್ರ ಎಲ್ಲಿ ಎಂದು ನಾವೂ ಹುಡುಕುವಷ್ಟರಲ್ಲಿ ವಿಮಾನ ಹೊಟ್ಟೆಯ ಮೇಲೇ ಕೂತು, ಕರಕರ ಎಂದು ಕಿಡಿ ಹಾರಿಸುತ್ತಾ ಜಾರಿ, ಧೂಳಿನಲ್ಲಿ ನಿಂತಿತು. ವೆಂಕಟಲಕ್ಷ್ಮಿ ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ಬಾಗಿಲು ತೆಗೆದುಕೊಂಡಿತು. ಒಳಗಿದ್ದವರು ಒಬ್ಬರೇ, ಪೈಲಟ್ಟು. ನೆಲ ಅಷ್ಟು ಹತ್ತಿರ ಬಂದಿದ್ದರಿಂದ ಊಟದ ಮಣೆಯಿಂದ ಎದ್ದವರಂತೆ ಸುಮ್ಮನೆ ಎದ್ದು ಬಂದರು. ಒಂದು ಗೀರೂ ಇಲ್ಲ. ಆಮೇಲೆ ಬಗ್ಗಿ ವಿಮಾನದ ಕೆಳಗೆ ನೋಡಿದರು. ಆ ಬಗ್ಗುವಿಕೆ ನನಗೆ ಚೆನ್ನಾಗಿ ಗೊತ್ತು.

ಸ್ವಲ್ಪ ಹೊತ್ತಿಗೆ ವಾಚ್‌ಮನ್ ಬೇಲಿಯ ಹತ್ತಿರ ಬಂದು ವಿವರಿಸಿದ. ಹಾರುವಾಗ ಚಕ್ರ ಹೊಟ್ಟೆಯೊಳಗೆ ಮಡಚಿರುತ್ತದಂತೆ, ಇಳಿಯುವ ಮುಂಚೆ ಕೆಳಗೆ ಬಿಡಬೇಕಂತೆ, ಮರೆತರೆ ಒಳಗೆ ಪೀ ಎಂದು ಕೂಗುತ್ತದಂತೆ. "ಕೂಗ್ತಂತೆ ಸಾರ್. ಅವ್ರು ಅದನ್ನ ತಲೆಗೇ ಆಕ್ಕೊಳ್ಳಿಲ್ಲ." ವೆಂಕಟಲಕ್ಷ್ಮಿ ನನ್ನ ಕತ್ತಿನ ಹಿಂದಿನಿಂದ, "ಪಾಪ, ಕೂಗೋದು ಕೂಗ್ತಾನೇ ಇರ್ತದೆ," ಅಂದಳು. ನಾನು ಕೇಳಿಸದವನಂತೆ ಗಾಡಿ ಹೊರಡಿಸಿ, ಬಂಗಾರಪೇಟೆಯವರೆಗೂ ಆ ಪೈಲಟ್ಟಿಗೆ ಬುದ್ಧಿ ಹೇಳಿದೆ. ಇಷ್ಟೆಲ್ಲಾ ಓದಿದವರು ಇಳಿಯುವ ಮುಂಚೆ ಒಂದು ಗಳಿಗೆ ಯೋಚಿಸಬಾರದೇ, ಗಮನ ಎಲ್ಲಿರುತ್ತದೆ ಇವರಿಗೆಲ್ಲ, ಇತ್ಯಾದಿ.

ಬೂದಿಕೋಟೆ ಬಂತು. ದಾರಿಯಲ್ಲಿ ಒಬ್ಬರೂ ಕೂಗಿರಲಿಲ್ಲ. ಬಾಮೈದ ಮುನಿರಾಜು ಡೈರಿಗೆ ಹೊರಟವನು ಹಾಲಿನ ಕ್ಯಾನು ಬಾಗಿಲಲ್ಲಿಟ್ಟು, ಮೊದಲು ನನ್ನ ಗಾಡಿಯ ಕೆಳಗೆ ನೋಡಿದ. "ಅಮ್ಮಾ, ಬಾವ ಸ್ಟ್ಯಾಂಡ್ ಎತ್ಕೊಂಡೇ ಬಂದವ್ರೆ." ಅತ್ತೆಯೂ ಬಂದು ಬಗ್ಗಿ ನೋಡಿ ತೃಪ್ತರಾದರು. ವೆಂಕಟಲಕ್ಷ್ಮಿ ಇಳಿದು, ಸೆರಗು ಸರಿಮಾಡಿಕೊಂಡು, "ಆಯ್ತು ಬಿಡಿ. ವಾಪಸ್ಸೂ ನಿಮ್ಜೊತೇನೇ ಬತ್ತೀನಿ," ಎಂದು ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತೋ. ಎದೆಯುಬ್ಬಿಸಿ ಗಾಡಿಯಿಂದ ಇಳಿದು ಅತ್ತೆಗೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ.

ಎರಡೂ ಕೈ ಎತ್ತಬಾರದಿತ್ತು. ಗಾಡಿ ನಿಧಾನವಾಗಿ ವಾಲಿ ಹಾಲಿನ ಕ್ಯಾನಿನ ಮೇಲೆ ಮಲಗಿತು. ಹಾಲು ಅಂಗಳದ ರಂಗೋಲಿ ದಾಟಿ ಚರಂಡಿಯತ್ತ ಹೊರಟಿತು. ನಾನು ಬಗ್ಗಿ ನೋಡಿದೆ. ಸ್ಟ್ಯಾಂಡ್ ಎತ್ತಿದ್ದು ಎತ್ತಿದ ಹಾಗೇ ಇತ್ತು. ವೆಂಕಟಲಕ್ಷ್ಮಿ ಒಳಗೆ ಹೋಗುತ್ತಾ, "ಅಮ್ಮಾ, ಪೈಲಟ್ ಸಾಹೇಬ್ರು ಇಳ್ದವ್ರೆ. ಕುಡಿಯೋಕೆ ನೀರು ಕೊಡು," ಅಂದಳು.

ಕೊಟ್ಟ ಮಾತಿಗೆ ತಪ್ಪದೆ ಸಂಜೆ ನನ್ನ ಹಿಂದೆಯೇ ಕೂತಳು. ಆದರೆ ಬಿದ್ದ ಏಟಿಗೆ ಸ್ಟ್ಯಾಂಡ್ ಸೊಟ್ಟಗಾಗಿ, ಎತ್ತಿದ್ದರೂ ಎತ್ತದಂತೆ ಕಾಣುತ್ತಿತ್ತು. ಬೂದಿಕೋಟೆಯಿಂದ ಕೋರಮಂಡಲ್‌ವರೆಗೆ ಕೂಗದವರೇ ಇಲ್ಲ. ಅಷ್ಟೂ ಜನಕ್ಕೆ ಅವಳೇ ಹಿಂದಿನಿಂದ, ಅವರವರ ಭಾಷೆಯಲ್ಲಿ, "ಎತ್ತವ್ರೆ, ಎತ್ತವ್ರೆ" ಎಂದು ಉತ್ತರ ಕೊಡುತ್ತಾ ಬಂದಳು. ಮನೆಯ ಮುಂದೆ ಗಾಡಿ ನಿಂತರೂ ಇಳಿಯಲಿಲ್ಲ. "ಮೊದ್ಲು ಅದನ್ನ ಇಳ್ಸಿ," ಅಂದಳು. ಇಳಿಸಿದೆ. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಹಾರಬೇಡಿ ಎಂದು ಆ ಪೈಲಟ್ಟಿಗೆ ಹೇಳಿಬರಬೇಕು, ಹಾಗೇ ಒಂದು ಪಾಲಿಸಿಯ ಮಾತೂ ಎತ್ತಬೇಕು ಅಂದುಕೊಂಡಿದ್ದೇನೆ. ವೆಂಕಟಲಕ್ಷ್ಮಿ ಬೇಡ ಅನ್ನುತ್ತಿದ್ದಾಳೆ. ಅವರ ಕಷ್ಟ ಅವರಿಗೆ ಸಾಕಾಗಿದೆಯಂತೆ.