ರಾಜಾಧಿರಾಜನ ಹೆಸರಿಗೊಂದು ಅರ್ಚನೆ

ಸೋತ ಮೇಲೆ ಎದುರಾಳಿಯ ಕೈ ಕುಲುಕಬೇಕು ಅನ್ನುವುದು ಸಜ್ಜನರ ಪದ್ಧತಿ. ನಾನು ಬ್ಲಾಕ್ ಮಾಡುತ್ತೇನೆ. ಅದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ಮೊಬೈಲಿನ ಚೆಸ್ಸಿನಲ್ಲಿ ಕುಲುಕಲು ಕೈಯಾದರೂ ಎಲ್ಲಿದೆ ಹೇಳಿ? ಇರುವುದು ಒಂದು ಬಟನ್ನು. ಅದನ್ನು ಒತ್ತಿದರೆ ಆಯಿತು, ನಮ್ಮನ್ನು ಸೋಲಿಸಿದವನು ಮತ್ತೆಂದೂ ನಮ್ಮನ್ನು ಆಟಕ್ಕೆ ಕರೆಯಲಾರ, ಸಂದೇಶ ಕಳಿಸಲಾರ, ನಾವೆಲ್ಲಿದ್ದೇವೆ ಎಂದು ತಿಳಿಯಲಾರ. ಇಂಥ ಬಟನ್ನನ್ನು ಕಂಡುಹಿಡಿದ ಪುಣ್ಯಾತ್ಮ ಒಂದಲ್ಲ ಒಂದು ಕಾಲದಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವನೇ ಇರಬೇಕು.

ನಾನು ಕೂತಿರುವುದೂ ಅಲ್ಲೇ. ನಮ್ಮದು ಕುಂದಾಪುರದ ಕಡೆ. ಚೆನ್ನೈಯ ನುಂಗಂಬಾಕ್ಕಂನಲ್ಲಿ ಅಪ್ಪ ಶುರುಮಾಡಿದ ಸಸ್ಯಾಹಾರಿ ಹೋಟೆಲನ್ನು ಈಗ ನಾನು ನೋಡಿಕೊಳ್ಳುತ್ತೇನೆ. ಅಪ್ಪ ನನಗೆ ಕಲಿಸಿದ ವಿದ್ಯೆ ಒಂದೇ: ಗಿರಾಕಿ ಏನೇ ಹೇಳಲಿ, ನಗಬೇಕು. ಸಾಂಬಾರು ಸಿಹಿ ಅಂದರೂ ನಗಬೇಕು, ಸಿಹಿ ಸಾಲದು ಅಂದರೂ ನಗಬೇಕು. "ನಿಮ್ಮಪ್ಪನ ಕಾಲದ ರುಚಿ ಈಗಿಲ್ಲ" ಅಂದವರಿಗಂತೂ ಹಲ್ಲು ಪೂರ್ತಿ ಕಾಣುವ ಹಾಗೆ ನಗಬೇಕು. ಸಂಜೆಯ ಹೊತ್ತಿಗೆ ನನಗೆ ಕೆನ್ನೆ ನೋಯುತ್ತದೆ. ಜೀವನದಲ್ಲಿ ಯಾರನ್ನೂ ದೂರ ಇಡುವ ಅಧಿಕಾರ ಇಲ್ಲದ ಮನುಷ್ಯ ನಾನು. ಹೆಂಡತಿಯ ಅಣ್ಣ ಊರಿಂದ ಬಂದು ಸೋಫಾದ ಮೇಲೆ ಕಾಲು ಚಾಚಿ ನನಗೆ ವ್ಯಾಪಾರದ ಉಪದೇಶ ಮಾಡುವಾಗ, ಇವನಿಗೆ ಆ ಬಟನ್ನನ್ನು ಎಲ್ಲಿ ಇಟ್ಟಿದ್ದಾರೆ ಎಂದು ತಲೆಯಿಂದ ಪಾದದವರೆಗೆ ಹುಡುಕಿದ್ದೇನೆ. ನನ್ನಂಥವನ ಕೈಗೆ ಚೆಸ್ ಆ್ಯಪ್ ಸಿಕ್ಕರೆ ಇನ್ನೇನಾಗುತ್ತದೆ?

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರು ಗಂಟೆಗೆ ಹೋಟೆಲು ತಣ್ಣಗಾಗುತ್ತದೆ. ಒಳಗೆ ವಡೆಯ ಹಿಟ್ಟು ರುಬ್ಬುವ ಸದ್ದು ಬಿಟ್ಟರೆ ಬೇರೇನಿಲ್ಲ. ಆಗ ನಾನು ಸೋಂಪಿನ ತಟ್ಟೆಯ ಹಿಂದೆ ಮೊಬೈಲ್ ಒರಗಿಸಿ, ಶಬ್ದ ಬಂದ್ ಮಾಡಿ, 'ರಾಜಾಧಿರಾಜ' ಎಂಬ ಹೆಸರಿನಲ್ಲಿ ಆಡುತ್ತೇನೆ. ಗೆದ್ದರೆ ಇನ್ನೊಂದು ಆಟ. ಸೋತರೆ ಬ್ಲಾಕ್. ಹೀಗೆ ಎಷ್ಟು ದೇಶದವರನ್ನು ಗಡಿಪಾರು ಮಾಡಿದ್ದೇನೋ ಲೆಕ್ಕವಿಲ್ಲ. ಇದು ಮನೆಯಲ್ಲಿ ಗೊತ್ತಾಗಿ ಹೆಂಡತಿ, "ಎಂತದು ಮಾರಾಯ್ರೆ ಇದು? ಹೀಗೇ ಬ್ಲಾಕ್ ಮಾಡ್ತಾ ಹೋದ್ರೆ ಕಡೆಗೆ ನಿಮ್ಮೊಟ್ಟಿಗೆ ಆಡ್ಲಿಕ್ಕೆ ದೇವರೇ ಇಳಿದು ಬರ್ಬೇಕಷ್ಟೆ" ಅಂದಳು. ದೇವರು ಬಂದು ನನ್ನನ್ನು ಸೋಲಿಸಿದರೆ ಅವನಿಗೂ ಅದೇ ಗತಿ ಎಂದೆ. ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ. "ಅಪ್ಪಾ, ನೀಂಗ ರೊಂಬ ಓವರ್" ಅಂದು ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ನಿಮ್ಮದು ಅತಿಯಾಯಿತು ಎಂದು ಅದರ ಅರ್ಥ.

ಈ ಕಾನೂನಿಗೆ ನಾನು ವಿನಾಯಿತಿ ಕೊಟ್ಟಿದ್ದು ಒಬ್ಬನೇ ಒಬ್ಬನಿಗೆ. ಅವನ ಹೆಸರು 'ಸಿಂಗಂ', ಅಂದರೆ ಸಿಂಹ. ದಿನಾ ಮೂರಕ್ಕೆ ಸರಿಯಾಗಿ ಆಟಕ್ಕೆ ಕರೆಯುತ್ತಿದ್ದ, ದಿನಾ ನನ್ನನ್ನು ಸೋಲಿಸುತ್ತಿದ್ದ. ಇವನನ್ನು ಗೆದ್ದೇ ಬ್ಲಾಕ್ ಮಾಡುವುದು, ಸೋತು ಮಾಡುವುದಿಲ್ಲ ಎಂದು ಶಪಥ ಮಾಡಿದ್ದೆ. ದಪ್ಪ ಮೀಸೆ, ಐಟಿ ಕಂಪನಿ ಕೆಲಸ, ವಯಸ್ಸಿನ ಸೊಕ್ಕು ಎಂದೆಲ್ಲ ಅವನ ಚಿತ್ರ ನನ್ನ ಮನಸ್ಸಿನಲ್ಲಿತ್ತು. ಒಂದು ದಿನ ಅವನ ಕುದುರೆ ನನ್ನ ರಾಜನಿಗೂ ರಾಣಿಗೂ ಒಟ್ಟಿಗೇ ಚೂರಿ ಹಿಡಿದು ನಿಂತಿತು. ರಾಣಿ ಹೋದಳು. ಅಷ್ಟಾದರೂ ಸಹಿಸುತ್ತಿದ್ದೆ. ಆದರೆ ಅವನು ನಗುಮೊಗದ ಗೊಂಬೆ ಹಾಕಿ 'ಗುಡ್ ಟ್ರೈ' ಎಂದು ಸಂದೇಶ ಕಳಿಸಿದ. ಶಪಥ ಮರೆತೇಹೋಯಿತು, ಬಟನ್ ಒತ್ತಿಬಿಟ್ಟೆ.

ಇಲ್ಲಿ ಗುರುರಾಜ ರಾಯರ ವಿಷಯ ಹೇಳಬೇಕು. ಅಂಚೆ ಇಲಾಖೆಯಿಂದ ನಿವೃತ್ತರು, ನಮ್ಮ ಹೋಟೆಲಿನ ಖಾಯಂ ಗಿರಾಕಿ. ಅವರ ಅಜ್ಜನ ಕಾಲದಲ್ಲೇ ಮದ್ರಾಸಿಗೆ ಬಂದ ಮನೆತನ, ಹಾಗಾಗಿ ಅವರ ಕನ್ನಡದಲ್ಲಿ ತಮಿಳು ಧಾರಾಳ. ದಿನಾ ಮೂರಕ್ಕೆ ಮುಂಚೆ ಬಂದು ಕಿಟಕಿ ಪಕ್ಕದ ಮೇಜು ಹಿಡಿಯುತ್ತಾರೆ, ಒಂದು ಕಾಫಿ ಕುಡಿದು ಮೊಬೈಲ್ ನೋಡುತ್ತಾರೆ, ಖುಷಿಯಾಗಿ ಇನ್ನೊಂದು ಕಾಫಿ ಕುಡಿದು ಏಳುತ್ತಾರೆ. ಅವರು ನೋಡುವುದು ಮೊಮ್ಮಕ್ಕಳ ವಿಡಿಯೋ ಎಂದೇ ನಾನು ತಿಳಿದಿದ್ದೆ. ಆ ವಾರ ಅವರ ಎರಡನೆಯ ಕಾಫಿ ನಿಂತುಹೋಯಿತು. ಮೊದಲನೆಯದೂ ಲೋಟದಲ್ಲಿ ಅರ್ಧ ಉಳಿಯತೊಡಗಿತು. ಕಾಫಿ ಕೆಟ್ಟಿದೆಯೋ ಏನೋ ಎಂದು ನನಗೆ ಗಾಬರಿ.

"ಎಂತ ರಾಯರೇ, ಕಾಫಿ ಸರಿ ಇಲ್ವಾ?" ಎಂದು ಅವರು ಗಲ್ಲಾದ ಬಳಿ ಬಂದಾಗ ಕೇಳಿದೆ.

"ಛೇ ಛೇ, ಕಾಫಿ ಪ್ರಮಾದಂ, ಬಹಳ ಚೆನ್ನಾಗಿದೆ. ಮನಸ್ಸೇ ಸರಿ ಇಲ್ಲ. ನಾನು ದಿನಾ ಇಲ್ಲಿ ಕೂತು ಫೋನಲ್ಲಿ ಒಬ್ಬನ ಜೊತೆ ಚೆಸ್ ಆಡ್ತಿದ್ದೆ. ರಾಜಾಧಿರಾಜ ಅಂತ ಹೆಸರು. ತಿಡೀರ್ ಅಂತ ಕಾಣೆಯಾಗ್ಬಿಟ್ಟಿದಾನೆ. ಪಾವಂ, ಏನಾಯ್ತೋ ಏನೋ."

ನನ್ನ ಕೈ ಸೋಂಪಿನ ತಟ್ಟೆಗೆ ತಗುಲಿ ಸೋಂಪೆಲ್ಲ ಚೆಲ್ಲಿತು.

"ಬೇರೆ ಎಲ್ಲೋ ಬಿಜಿ ಇರಬಹುದು ರಾಯರೇ" ಅಂದೆ.

"ಇಲ್ಲಪ್ಪ. ಅವನ ಆಟ ನೋಡಿದ್ರೇ ಗೊತ್ತಾಗ್ತಿತ್ತು, ಕಂಡಿಪ್ಪಾ, ಖಂಡಿತ ಬಿಪಿ ಇದೆ ಅಂತ. ರಾಣಿ ಹೋದ್ರೆ ಸಾಕು, ತಲೆ ಕೆಟ್ಟವನ ಹಾಗೆ ಎಲ್ಲೆಲ್ಲೋ ಕಾಯಿ ನಡೆಸೋನು. ಕೊನೇ ದಿವಸ ಧೈರ್ಯ ಇರ್ಲಿ ಅಂತ ನಾನೇ ಗುಡ್ ಟ್ರೈ ಅಂತ ಕಳಿಸಿದ್ದೆ. ಅಷ್ಟೇ, ಮತ್ತೆ ಬರ್ಲೇ ಇಲ್ಲ. ಹಾರ್ಟ್ ಅಟ್ಯಾಕೇ ಇರ್ಬೇಕು. ಮನಸ್ಸು ತಡೀದೆ ತಿರುವೊಟ್ಟಿಯೂರು ದೇವಸ್ಥಾನಕ್ಕೆ ಹೋಗಿ ಅವನ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ಕೊಂಡು ಬಂದೆ. ಅರ್ಚನೆ ಮಾಡೋ ಗುರುಕ್ಕಳು ನಕ್ಷತ್ರ, ಗೋತ್ರ ಕೇಳಿದ್ರು. ನನಗೇನು ಗೊತ್ತು? ರಾಜಾಧಿರಾಜ ಅಂತ ಅಷ್ಟೇ ಹೇಳಿದೆ. ಅಲ್ಲಿರೋ ಶಿವನ ಹೆಸರೇ ತ್ಯಾಗರಾಜ ಅಲ್ವಾ, ರಾಜಾಧಿರಾಜ ಅಂದ್ರೂ ಸ್ವಾಮಿ ಹೆಸರಿಗೇ ಅರ್ಚನೆ ಅಂದ್ಕೊಂಡು ಜೋರಾಗಿ ಮಂತ್ರ ಹೇಳಿ ಮುಗಿಸ್ಬಿಟ್ರು. ಅದು ಇವನಿಗೆ ತಲುಪಿತೋ ಇಲ್ವೋ, ಅದೇ ಯೋಚನೆ."

ಅವರು ಅರ್ಚನೆಯ ಕುಂಕುಮದ ಪೊಟ್ಟಣ ತೆಗೆದು ನನಗೂ ಸ್ವಲ್ಪ ಕೊಟ್ಟರು. ನಾನು ಹಣೆಗೆ ಇಟ್ಟುಕೊಂಡೆ. ಹಾಗೆ ಆ ಪ್ರಸಾದ ಸೇರಬೇಕಾದವನಿಗೇ ಸೇರಿತು. ನನಗೆ ಸಂಕಟವಾಯಿತು, ನಿಜ ಹೇಳಿಬಿಡೋಣ ಎಂದು ಬಾಯಿಯವರೆಗೂ ಬಂತು. ಆದರೆ ಏನೆಂದು ಹೇಳುವುದು? 'ಬಿಪಿ ಇರುವವನು ನಾನೇ, ಸೋತದ್ದಕ್ಕೆ ನಿಮ್ಮನ್ನು ಬ್ಲಾಕ್ ಮಾಡಿದೆ, ನಾಳೆ ಪೊಂಗಲ್ ಚೆನ್ನಾಗಿರುತ್ತದೆ ಬನ್ನಿ' ಎನ್ನಲೇ? ಹೇಳಿದರೆ ನನ್ನ ಮರ್ಯಾದೆಯೂ ಹೋಗುತ್ತದೆ, ಮೂರು ಗಂಟೆಯ ರಾಯರೂ ಹೋಗುತ್ತಾರೆ. ರಾಯರು ಹೊರಗೆ ಹೋಗುತ್ತಲೇ ಸಿಂಗಂನ ಬ್ಲಾಕ್ ತೆಗೆದೆ.

ಮರುದಿನ ಮೂರಕ್ಕೆ ನಾನೇ ಆಟಕ್ಕೆ ಕರೆದೆ. ಕಿಟಕಿಯ ಮೇಜಿನಿಂದ "ಬಂದ್ಬಿಟ್ಟಾ! ಇದ್ದಾನೆ, ಇದ್ದಾನೆ!" ಎಂಬ ಕೂಗು ಬಂತು. ಸಂತೋಷಕ್ಕೆ ರಾಯರು ಒಂದು ಬೋಂಡಾ ಕೂಡ ಹೇಳಿದರು. ನನ್ನ ಕಣ್ಣಲ್ಲಿ ನೀರೇ ಬಂತು ಅನ್ನಿ. ಹಾಗಂತ ನಾನು ಸೋಲಲು ಕೂತಿರಲಿಲ್ಲ. ಕರುಣೆ ಬೇರೆ, ಚೆಸ್ ಬೇರೆ. ಹಲ್ಲು ಕಚ್ಚಿ ಆಡಿದೆ. ಬಿಲ್ ಕೊಡಲು ಬಂದವರನ್ನೂ ಕಣ್ಣಲ್ಲೇ ನಿಲ್ಲಿಸಿದೆ. ರಾಯರು ಒಂದು ಕೈಯಲ್ಲಿ ಬೋಂಡಾ ಹಿಡಿದು, ಖುಷಿಯ ಭರದಲ್ಲಿ ರಾಣಿಯನ್ನು ತಂದು ನನ್ನ ಆನೆಯ ಬಾಯಿಗಿಟ್ಟರು. ಗೆದ್ದೆ! ಸಿಂಗಂನನ್ನು ಗೆದ್ದೆ! ನಗುಮೊಗದ ಗೊಂಬೆ ಹಾಕಿ 'ಗುಡ್ ಟ್ರೈ' ಎಂದು ಕಳಿಸಿದೆ.

ಅದರ ಮರುದಿನ ಎಷ್ಟು ಕರೆದರೂ ಸಿಂಗಂ ಸಿಗಲಿಲ್ಲ. ರಾಯರು ಮಾತ್ರ ಎದುರಿಗೇ ಕೂತು ತಣ್ಣಗೆ ಕಾಫಿ ಕುಡಿಯುತ್ತಿದ್ದರು. ಹೊರಡುವಾಗ ಗಲ್ಲಾಕ್ಕೆ ಬಗ್ಗಿ, "ಆ ರಾಜಾಧಿರಾಜ ಫ್ರಾಡ್ ಅಪ್ಪಾ!" ಅಂದರು. "ಇಷ್ಟು ದಿವಸ ಕಂಪ್ಯೂಟರ್ ಇಟ್ಕೊಂಡು ಆಡೋದು ಕಲಿತು ಬಂದಿದಾನೆ. ಇಲ್ದೆ ಇದ್ರೆ ಅವನ ಮೂತಿಗೆ ನನ್ನನ್ನ ಗೆಲ್ಲೋಕಾಗತ್ತಾ? ಮೇಲೆ ಗುಡ್ ಟ್ರೈ ಅಂತ ನಕ್ಕಲ್, ಗೇಲಿ ಬೇರೆ! ಮೊಮ್ಮಗಳು ಒಂದು ಬಟನ್ ತೋರಿಸಿಕೊಟ್ಟಳು, ಒತ್ತಿಬಿಟ್ಟೆ. ಅರ್ಚನೆ ಮಾಡ್ಸಿದ್ದೇ ವೇಸ್ಟ್. ಸೋತ್ರೆ ಸೋತೆ ಅನ್ನೋ ಗುಣ ಬೇಕಪ್ಪ ಮನುಷ್ಯನಿಗೆ. ಸರಿ ತಾನೇ?"

ಅಪ್ಪ ಕಲಿಸಿದ ವಿದ್ಯೆ ಕೈಬಿಡಲಿಲ್ಲ, ನಕ್ಕೆ. "ಸರಿಯಾಗೇ ಮಾಡಿದ್ರಿ ರಾಯರೇ. ಅಂಥವರನ್ನು ಹತ್ರ ಸೇರಿಸ್ಲಿಕ್ಕೇ ಬಾರ್ದು" ಅಂದೆ.

ಎರಡು ದಿನ ಅವರೂ ಅರ್ಧ ಕಾಫಿ ಬಿಟ್ಟರು, ನಾನೂ ಖಾಲಿ ಮೊಬೈಲ್ ನೋಡುತ್ತಾ ಕೂತೆ. ಮೂರು ಗಂಟೆ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿದೆ. 'ಬಡಪಾಯಿ' ಎಂಬ ಹೊಸ ಹೆಸರಿನಲ್ಲಿ ಖಾತೆ ತೆರೆದೆ. ಇನ್ನು ರಾಯರ ಮುಂದೆ ಬೇಕೆಂದೇ ಸೋಲುವುದು, ದಿನಾ ಸೋಲುವುದು, ಏನೇ ಬಂದರೂ ಗೆಲ್ಲಬಾರದು ಎಂದು ಗಲ್ಲಾದ ಮೇಲಿನ ದೇವರ ಪಟಕ್ಕೆ ಕೈ ಮುಗಿದು, ಸಿಂಗಂನನ್ನು ಹುಡುಕಿ ಆಟಕ್ಕೆ ಕರೆದೆ. ಯಾವ ಹಂತದಲ್ಲಿ ರಾಣಿಯನ್ನು ಬಿಟ್ಟುಕೊಟ್ಟರೆ ಅನುಮಾನ ಬರುವುದಿಲ್ಲ ಎಂದು ಯೋಚಿಸಿಯೂ ಇಟ್ಟುಕೊಂಡಿದ್ದೆ. ಆದರೆ ಆ ತೊಂದರೆಯನ್ನು ರಾಯರು ನನಗೆ ಕೊಡಲೇ ಇಲ್ಲ. ನಾನು ಇನ್ನೂ ಸರಿಯಾಗಿ ಆಡುತ್ತಿದ್ದಾಗಲೇ, ಸೋಲಲು ಶುರುಮಾಡುವ ಮೊದಲೇ, ನನ್ನ ರಾಜ ಸಿಕ್ಕಿಬಿದ್ದಿದ್ದ.

ಕಿಟಕಿಯ ಕಡೆಯಿಂದ ರಾಯರು ಲೋಟ ಎತ್ತಿ ಕೂಗಿದರು. "ಇನ್ನೊಂದು ಕಾಫಿ ಕಳಿಸಪ್ಪಾ! ಹೊಸಬ ಒಬ್ಬ ಸಿಕ್ಕಿದಾನೆ. ಒಳ್ಳೇ ಹುಡುಗ. ಆಟ ಮಾತ್ರ ಹಳಬನಿಗಿಂತ ಮೋಸಂ, ತೀರಾ ಕಳಪೆ!"

ಕಾಫಿ ಕಳಿಸಿದೆ. ನಕ್ಕೆ ಕೂಡ. ಆದರೆ ನನ್ನ ಹೆಬ್ಬೆರಳು ಆಗಲೇ ಬಟನ್ನಿನ ಮೇಲೆ ಹೋಗಿ ಕೂತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದೆಳೆದು ಸೋಂಪಿನ ತಟ್ಟೆಯೊಳಗೆ ಅದುಮಿಟ್ಟುಕೊಂಡು ಕೂತೆ.